ಓಡುತ್ತಿದ್ದ ಏಸಿಯನ್ನು ಬದಲಿಸಿದ ಬೇಸಿಗೆ

ನನ್ನಂಥ ಕನಸುಗಣ್ಣಿನ ಮನುಷ್ಯನನ್ನು ಮೆಂಟೆನೆನ್ಸ್ ಕೆಲಸಕ್ಕೆ ಯಾರು ಸೇರಿಸಿಕೊಂಡರೋ ಎಂದು ನನ್ನ ಹೆಂಡತಿ ಈಗಲೂ ತಮಾಷೆ ಮಾಡುತ್ತಾಳೆ. ಅವಳ ಮಾತಿನಲ್ಲಿ ತಪ್ಪಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಕಿಟಕಿಯ ಹೊರಗೆ ನೋಡುತ್ತ ನಿಲ್ಲುವವನು ನಾನು. ಆದರೆ ಈ ಕೆಲಸಕ್ಕೆ ಬೇಕಾದದ್ದು ಅದೇ ಗುಣ ಎಂದು ನನ್ನ ಅನುಭವ. ಸೊಗಸಾಗಿ ಓಡುತ್ತಿರುವ ಒಂದು ಪಂಪಿನ ಮುಂದೆ ನಿಂತು, ಅದು ನಿಂತುಹೋದ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಅಂದು ಯಾರ ಮನೆಯಲ್ಲಿ ನೀರಿಲ್ಲ, ಯಾರ ಮಗು ಅಳುತ್ತಿದೆ, ಯಾರು ಅಡುಗೆ ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಬಂದಿದ್ದಾರೆ, ಎಲ್ಲ ಕಾಣಬೇಕು. ನೀವು ಹೊಸದಾಗಿ ಈ ಕೆಲಸಕ್ಕೆ ಹೊರಟವರಾದರೆ ಸರ್ಟಿಫಿಕೇಟಿನ ಜೊತೆ ಸ್ವಲ್ಪ ಕನಸನ್ನೂ ಕಟ್ಟಿಕೊಂಡು ಹೋಗಿ. ಸ್ಪ್ಯಾನರನ್ನು ಯಾರಾದರೂ ಕೊಡುತ್ತಾರೆ.

ನಾನು ಒಮಾನಿಗೆ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ, ಕಾಪು ಕಡೆಯಿಂದ. ಅಲ್ ಖುವೈರ್ ಎಂಬ ಬಡಾವಣೆಯಲ್ಲಿ ಒಬ್ಬ ಅರಬಾಬನಿಗೆ, ಅಂದರೆ ಅಲ್ಲಿನ ಧಣಿಗೆ, ಸೇರಿದ ಒಂದಷ್ಟು ಫ್ಲ್ಯಾಟ್ ಕಟ್ಟಡಗಳಿದ್ದವು. ಅವುಗಳ ನೀರು, ಕರೆಂಟು, ಏಸಿ, ಹೀಟರು ನೋಡಿಕೊಳ್ಳುವುದು ನಮ್ಮ ಕಂಪೆನಿಯ ಕೆಲಸ. ಆಗಿನ ಪದ್ಧತಿ ಬಹಳ ಸರಳ: ಕೆಟ್ಟ ಮೇಲೆ ಓಡು. ಆಫೀಸಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು, ನಾವು ಪಿಕಪ್ಪಿಗೆ ಹಾರುತ್ತಿದ್ದೆವು. ಬೆಂಕಿ ಬಿದ್ದಾಗ ಬಾವಿ ತೋಡುವುದು ಎನ್ನುತ್ತಾರಲ್ಲ, ನಾವು ವರ್ಷಗಟ್ಟಲೆ ತೋಡಿದ್ದು ಅದೇ ಬಾವಿ. ಹಾಗೆ ಓಡುವುದರಲ್ಲಿ ಒಂದು ಬಗೆಯ ಮಜವೂ ಇತ್ತು. ಬೆವರು ಸುರಿಸಿಕೊಂಡು ಬಂದವನಿಗೆ ಎಲ್ಲ ಮನೆಗಳಲ್ಲೂ ತಣ್ಣಗಿನ ಶರಬತ್ತು ಸಿಗುತ್ತಿತ್ತು.

ಮಧ್ಯಾಹ್ನದ ಊಟವಾದ ಮೇಲೆ ಆ ಊರು ಮಲಗುತ್ತಿತ್ತು. ಅಂಗಡಿಗಳು ಬಾಗಿಲು ಹಾಕುತ್ತಿದ್ದವು, ಹೆದ್ದಾರಿಯ ಕಾರುಗಳ ಸದ್ದು ತೆಳುವಾಗುತ್ತಿತ್ತು, ಸಾಲುಸಾಲು ಗೋಡೆಗಳಲ್ಲಿ ಕೂತ ಕಿಟಕಿ ಏಸಿಗಳು ಮಾತ್ರ ಒಟ್ಟಾಗಿ ಗುನುಗುತ್ತಿದ್ದವು. ನಾನು ತಾರಸಿಯ ಮೇಲೆ ನೀರಿನ ಟ್ಯಾಂಕಿಯ ನೆರಳಿನಲ್ಲಿ ಕೂತು ಅದನ್ನು ಕೇಳುತ್ತಿದ್ದೆ. ಒಂದು ಕಡೆ ಬೋಳು ಬೆಟ್ಟಗಳು ಬಿಸಿಲಿನಲ್ಲಿ ನಡುಗುತ್ತಿದ್ದವು, ಇನ್ನೊಂದು ಕಡೆ ಸಮುದ್ರ ಇದೆಯೋ ಇಲ್ಲವೋ ಎಂಬಂತೆ ಬಿಳಿಚಿಕೊಂಡಿರುತ್ತಿತ್ತು. ಇಷ್ಟು ಜನ ನಿಶ್ಚಿಂತೆಯಿಂದ ಮಲಗಿದ್ದಾರೆ, ಅವರ ನಿದ್ದೆ ಈ ಸದ್ದಿನ ಮೇಲೆ ನಿಂತಿದೆ ಎಂದು ಯೋಚಿಸುತ್ತ ನನಗೂ ತೂಕಡಿಕೆ ಬರುತ್ತಿತ್ತು.

ಆ ಸದ್ದನ್ನು ಬಿಡಿಸಿ ಕೇಳಲು ಕಲಿಸಿದವರು ನಮ್ಮ ಏಸಿ ಮೆಕ್ಯಾನಿಕ್ ಹಮೀದಾಕ. ಉಳ್ಳಾಲದ ಬ್ಯಾರಿಗಳು, ನನಗಿಂತ ಹಿರಿಯರು, ನಾಲ್ಕು ಭಾಷೆಯಲ್ಲಿ ಬೈಯಬಲ್ಲವರು. ರಸ್ತೆಯಲ್ಲಿ ನಡೆಯುತ್ತಿದ್ದಂತೆ ತಟ್ಟನೆ ನಿಂತು ಮೇಲೆ ಕೈ ತೋರಿಸುತ್ತಿದ್ದರು. "ಮೂರನೇ ಕಿಟಕಿ. ಕೇಳ್ತದಾ? ಕೆಮ್ಮುದು. ಇವನಿಗೆ ಇನ್ನೊಂದು ಬೇಸಿಗೆ ಕಷ್ಟ ಮಾರಾಯ." ನನಗೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸಿದಂತೆ ತಲೆ ಆಡಿಸುತ್ತಿದ್ದೆ. ವರ್ಷ ಎರಡು ಕಳೆದ ಮೇಲೆ ನಿಜವಾಗಿಯೂ ಕೇಳಿಸತೊಡಗಿತು.

ತೊಂಬತ್ತರ ದಶಕ ಬರುವ ಹೊತ್ತಿಗೆ ಕಟ್ಟಡಗಳಿಗೆ ವಯಸ್ಸಾಯಿತು. ಒಂದೇ ಕಾಲದಲ್ಲಿ ಕೂರಿಸಿದ ಹೀಟರುಗಳೆಲ್ಲ ಒಂದೇ ಕಾಲಕ್ಕೆ ತುಕ್ಕು ಹಿಡಿದು ಸೋರತೊಡಗಿದವು. ಆಗ ನಮ್ಮ ಮೇಲೆ ಹೊಸ ಎಂಜಿನಿಯರ್ ಬಂದರು, ಹುಬ್ಬಳ್ಳಿ ಕಡೆಯ ಪಾಟೀಲ್ ಸಾಹೇಬರು. ಮೊದಲ ದಿನವೇ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಪ್ರತಿ ಫ್ಲ್ಯಾಟಿಗೆ ಒಂದು ಚೌಕ ಎಳೆದು, ಯಾವ ಸಾಮಾನಿನ ಆಯಸ್ಸು ಯಾವಾಗ ಮುಗಿಯುತ್ತದೆಂದು ಬಣ್ಣ ಹಚ್ಚಿದರು. ಕೆಡುವ ಮೊದಲೇ ಬದಲಿಸಬೇಕು ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದು ಅವರಿಂದ. ಮೊದಲ ಬಣ್ಣ ಬಿದ್ದದ್ದು ಹೀಟರುಗಳಿಗೆ, ಅದೂ ಜುಲೈ ತಿಂಗಳಿಗೆ.

"ಅಲ್ರೀ ಭಾಸ್ಕರ, ಬ್ಯಾಸಗಿಯೊಳಗ ಹೀಟರ್ ಯಾರು ಹಚ್ಚತಾರ? ಈಗ ಬದಲ್ ಮಾಡಿದ್ರ ಯಾರಿಗೂ ತ್ರಾಸಿಲ್ಲ ನೋಡ್ರಿ," ಎಂದರು. ನನಗೂ ಸರಿಯೆನಿಸಿತು. ನಾವು ಲೇಬರ್ ಕ್ಯಾಂಪಿನ ಜನ, ಅಲ್ಲಿ ಹೀಟರೇ ಇರಲಿಲ್ಲ. ಸಂಸಾರಸ್ಥರ ಬಚ್ಚಲಿನ ಗುಟ್ಟು ನಮಗೇನು ಗೊತ್ತು? ಪ್ಲಂಬರುಗಳು ಒಂದು ಕಟ್ಟಡದ ಹೀಟರುಗಳನ್ನೆಲ್ಲ ಇಳಿಸಿದರು. ಹೊಸವು ಬಂದರಿನಲ್ಲೇ ತಡವಾದವು. ಸಂಜೆಯೊಳಗೆ ಫೋನು ಹುಚ್ಚೆದ್ದಿತು.

ಒಮಾನಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿಯ ನೀರು ಕೈ ಸುಡುವಷ್ಟು ಕಾದಿರುತ್ತದೆ. ಆದ್ದರಿಂದ ಮನೆಮನೆಯ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಹೀಟರಿನ ಸ್ವಿಚ್ ಆರಿಸಿಬಿಡುವುದು. ಮನೆಯೊಳಗಿನ ತಂಪಿನಲ್ಲಿ ಅದರ ಹೊಟ್ಟೆಯೊಳಗಿನ ನೀರು ಆರಿ ಹದವಾಗುತ್ತದೆ. ಬೇಸಿಗೆ ಪೂರ್ತಿ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು! ನಾವು ಕಿತ್ತುಕೊಂಡು ಹೋದದ್ದು ಹೀಟರನ್ನಲ್ಲ, ಅವರ ತಣ್ಣೀರಿನ ಕೊಡವನ್ನು. ಪಾಟೀಲರು ಹೆದರುವ ಆಳಲ್ಲ. ಮೀನಿನ ಮಾರ್ಕೆಟಿಗೆ ಹೋಗಿ ಮಂಜುಗಡ್ಡೆ ತುಂಬಿಸಿಕೊಂಡು ಬಂದು, ಬಕೆಟಿಗೆ ಹಾಕಿಕೊಳ್ಳಿ ಎಂದು ಬಾಗಿಲು ಬಾಗಿಲಿಗೆ ಹಂಚಿದರು. ಉಡುಪಿಯ ಒಬ್ಬ ಭಟ್ಟರು ಅದನ್ನು ಮೂಸಿ ನೋಡಿ ಬಾಗಿಲು ಹಾಕಿಕೊಂಡರು.

ಮರುದಿನ ಪಾಟೀಲರು ಆ ಬಣ್ಣದ ಹಾಳೆಯ ಮುಂದೆ ನಮ್ಮನ್ನೆಲ್ಲ ಸೇರಿಸಿದರು. "ಇನ್ನ ಮ್ಯಾಲೆ ಮಿಷನ್ ನೋಡೂಕಿಂತ ಮೊದಲ ಮನಿ ನೋಡ್ರಿ," ಎಂದರು. ಆ ಕೆಲಸಕ್ಕೆ ನನ್ನನ್ನೇ ಹಾಕಿದರು. ನಾನು ಮನೆಗಳಿಗೆ ಹೋಗಿ ಕೂತು, ಯಾರು ಯಾವಾಗ ಮೀಯುತ್ತಾರೆ, ಯಾರು ಯಾವ ತಿಂಗಳು ಊರಿಗೆ ಹೋಗುತ್ತಾರೆ, ಯಾರ ಮನೆಗೆ ಅತಿಥಿಗಳು ಬರುತ್ತಾರೆ ಎಂದು ವಿಚಾರಿಸತೊಡಗಿದೆ. ನನ್ನ ಕನಸು ಕಾಣುವ ಚಾಳಿಗೆ ಸಂಬಳವೂ ಸಿಗತೊಡಗಿತು ಎನ್ನಿ.

ಮುಂದಿನ ಚಳಿಗಾಲಕ್ಕೆ ಏಸಿಗಳ ಸರದಿ. ಚಳಿಗಾಲದಲ್ಲಿ ಹಳೆಯ ಏಸಿ ತೆಗೆದು ಹೊಸದು ಕೂರಿಸಿದರೆ ಬೇಸಿಗೆಗೆ ತಯಾರು. ಎಲ್ಲ ಕಡೆ ಸುಸೂತ್ರವಾಗಿ ನಡೆಯಿತು, ಒಂದು ಮನೆ ಬಿಟ್ಟು. ಎರಡನೇ ಮಹಡಿಯಲ್ಲಿ ಸುಧಾಕರ ಎಂಬ ನಮ್ಮೂರ ಕಡೆಯ ಹುಡುಗ, ಯಾವುದೋ ಆಫೀಸಿನಲ್ಲಿ ಅಕೌಂಟೆಂಟ್. ಬಾಗಿಲಲ್ಲೇ ನಮ್ಮನ್ನು ತಡೆದ. "ಭಾಸ್ಕರಣ್ಣ, ವಾಣಿ ಬಸುರಿ. ಹೊಸ ಏಸಿ ದೊಡ್ಡದು, ಗೋಡೆ ಒಡೀಬೇಕು ಅಂತೀರಿ. ಬಸುರಿ ಇರುವ ಮನೆಯಲ್ಲಿ ಗೋಡೆಗೆ ಕೈ ಹಾಕ್ಲಿಕ್ಕೆ ಉಂಟಾ? ಊರಿಂದ ಅತ್ತೆ ಬೈದು ಬೈದು ಹೇಳಿದ್ದಾರೆ, ಒಂದು ಮೊಳೆ ಕೂಡ ಹೊಡೀಬಾರ್ದು ಅಂತ." ನನ್ನ ತಾಯಿಯೂ ಹಾಗೆಯೇ ಹೇಳುತ್ತಿದ್ದವರು. ನಾನು ವಾದಿಸಲಿಲ್ಲ. ಹಮೀದಾಕ ಏಸಿಯ ಕಡೆ ಕಿವಿ ಕೊಟ್ಟು, "ಇವ ಬೇಸಿಗೆ ದಾಟುದು ಡೌಟು," ಎಂದು ಗೊಣಗಿ ಮೆಟ್ಟಿಲಿಳಿದರು. ಗೋಡೆಯ ಹಾಳೆಯಲ್ಲಿ ಆ ಒಂದು ಚೌಕ ಕೆಂಪಾಗಿಯೇ ಉಳಿಯಿತು.

ಡಾಕ್ಟರು ವಿಮಾನ ಹತ್ತಬಾರದೆಂದದ್ದರಿಂದ ವಾಣಿ ಹೆರಿಗೆಗೆ ಊರಿಗೆ ಹೋಗಲಿಲ್ಲ. ತಾಯಿ ಕಮಲಕ್ಕನೇ ವಿಸಿಟ್ ವೀಸಾದಲ್ಲಿ ಬಂದರು, ಬಾಣಂತಿ ಲೇಹ್ಯ, ಎಣ್ಣೆ, ಒಣಬೇರುಗಳ ಗಂಟಿನೊಡನೆ. ಮಗು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಗಲದ ಹೆಣ್ಣುಮಗು ಎಂದು ಸುಧಾಕರ ಹೇಳಿದ. ಬಹಳ ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಬಿಸಿಲು ನೆತ್ತಿ ಸೀಳುವ ಕಾಲದಲ್ಲಿ ಮನೆಗೆ ಕಳಿಸಿದರು. ಕೋಣೆ ಸದಾ ಹದವಾಗಿರಬೇಕು, ಮಗುವಿಗೆ ಸೆಕೆ ತಾಗಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರಂತೆ. ಆ ಮನೆಯಲ್ಲಿ ಏಸಿ ಇದ್ದದ್ದು ಆ ಕೋಣೆಗೆ ಮಾತ್ರ, ನಡುಮನೆಯಲ್ಲಿ ಬರಿಯ ಫ್ಯಾನು. ಇಡೀ ಸಾಲಿನಲ್ಲಿ ಉಳಿದಿದ್ದ ಒಂದೇ ಒಂದು ಹಳೆಯ ಏಸಿಯ ಕೆಳಗೆ ಆ ಮಗು ಮಲಗಿತ್ತು.

ಸಾಲದ್ದಕ್ಕೆ ಕಮಲಕ್ಕ ಒಂದು ಕೆಲಸ ಮಾಡಿದ್ದರು. ಬಾಣಂತಿಗೆ ತಂಪುಗಾಳಿ ತಾಗಬಾರದೆಂದು ಏಸಿಯ ಮುಖಕ್ಕೆ ದಪ್ಪ ನೂಲಿನ ಸೀರೆ ಕಟ್ಟಿದ್ದರು. ಗಾಳಿ ಆಡದಿದ್ದರೆ ಒಳಗಿನ ಕೊಳವೆಯ ಕಾಯಿಲಿನ ಮೇಲೆ ಮಂಜು ಕಟ್ಟುತ್ತದೆ, ಭಾರವೆಲ್ಲ ಕಂಪ್ರೆಸರಿನ ಮೇಲೆ ಬೀಳುತ್ತದೆ. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಬೇರೆ ಏಸಿಗಳಿಂದ ನೀರು ತೊಟ್ಟು ತೊಟ್ಟಾಗಿ ಬೀಳುತ್ತಿದ್ದರೆ, ಇದರಿಂದ ಬೀಳುವುದು ನಿಂತು, ಆಮೇಲೆ ಒಮ್ಮೆಲೇ ಸುರಿಯುತ್ತಿತ್ತು. ಈಗ ಕೆಮ್ಮು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ದಿನಗಳಲ್ಲಿ ಮಧ್ಯಾಹ್ನ ತಾರಸಿಯ ಮೇಲೆ ಕೂತರೆ ತೂಕಡಿಕೆ ಬರುತ್ತಿರಲಿಲ್ಲ. ಸಾವಿರ ಸದ್ದಿನ ನಡುವೆ ಆ ಒಂದೇ ಸದ್ದಿಗೆ ಕಿವಿ ನೆಟ್ಟಿರುತ್ತಿತ್ತು. ಅದು ನಿಂತರೆ ದೂರದ ಅಲ್ ಮಬೇಲಾದಲ್ಲಿದ್ದ ನಮ್ಮ ವರ್ಕ್‌ಶಾಪಿನಿಂದ ಹೊಸದು ತಂದು ಕೂರಿಸುವಷ್ಟರಲ್ಲಿ ಆ ಕೋಣೆ ಏನಾದೀತು ಎಂದು ಕಾಣುತ್ತಿತ್ತು. ಅಂಥ ಕನಸು ಯಾರಿಗೂ ಬೇಡ.

ಸುಧಾಕರನಿಗೆ ಹೇಳಿದೆ. ಅವನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. "ನನಗೆ ಅರ್ಥ ಆಗ್ತದೆ ಭಾಸ್ಕರಣ್ಣ. ಆದ್ರೆ ಅತ್ತೆಯ ಹತ್ರ ನೀವೇ ಮಾತಾಡಿ."

ಕಮಲಕ್ಕನೊಡನೆ ಮಾತೆಲ್ಲ ತುಳುವಿನಲ್ಲಿ ನಡೆಯಿತು, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸುತ್ತಿದ್ದರು. ಟ್ಯಾಂಕಿಯ ಬಿಸಿ ಅವರಿಗೆ ಸಾಲದು, ಬಾಣಂತಿಗೆ ಹಬೆಯಾಡುವ ನೀರೇ ಆಗಬೇಕು.

"ಓಡುವ ಮಿಷನನ್ನು ಯಾಕೆ ತೆಗೆಯುದು?" ಎಂದರು ನನ್ನ ಕಡೆ ತಿರುಗದೆ. "ಬಾಣಂತಿ ಕೋಣೆಗೆ ಗಂಡಸರು ನುಗ್ಗಿ ಧಡಧಡ ಮಾಡಿದ್ರೆ ಮಗು ಬೆಚ್ಚಿ ಬೀಳುದಿಲ್ವಾ? ಅದು ನಿಂತ ದಿನ ಬನ್ನಿ."

"ನಿಂತ ದಿನ ತಡ ಆಗ್ತದೆ ಕಮಲಕ್ಕ."

"ಅದೆಲ್ಲ ನೀವು ಹೆದರಿಸುದು."

ನಾನು ಸುಮ್ಮನಿರಲಾರದೆ, "ಇಷ್ಟು ಬಿಸಿನೀರು ಯಾಕೆ? ವಾಣಿಗೆ ಸೊಂಟನೋವು ಉಂಟಾ?" ಎಂದು ಕೇಳಿದೆ.

"ನೋವು ಎಂತ ಇಲ್ಲ. ನೋವು ಬರುವ ಮೊದಲು ಹಾಕ್ಬೇಕು ನೀರು. ಈಗ ಹಾಕಿದ್ರೆ ಮುದುಕಿಯಾದಾಗ ಸೊಂಟ ಗಟ್ಟಿ ನಿಲ್ತದೆ. ಬಂದ ಮೇಲೆ ಹಾಕಿ ಎಂತ ಪ್ರಯೋಜನ?"

"ನಾನೂ ಅದನ್ನೇ ಹೇಳುದು," ಎಂದೆ.

ಅವರ ಕೈ ನಿಂತಿತು. ನನ್ನ ಮುಖ ನೋಡಿದರು. ತುಟಿಯಲ್ಲಿ ನಗು ಬಂತು, ಅದನ್ನು ಸೆರಗಿನಲ್ಲಿ ಒರೆಸಿಕೊಂಡರು. "ಭಾರಿ ಬುದ್ಧಿವಂತರು ನೀವು," ಎಂದರು. ಆಮೇಲೆ ಅವರೇ ದಾರಿ ಹೇಳಿದರು. ಬೆಳಿಗ್ಗೆ ತಾಯಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸುವ ಹೊತ್ತಿಗೆ ಕೋಣೆ ಖಾಲಿ ಇರುತ್ತದೆ. ಅಷ್ಟರೊಳಗೆ ಆಗಬೇಕು. ಗೋಡೆ ಒಡೆಯಬಾರದು. ಸುತ್ತಿಗೆಯ ಸದ್ದು ಕೇಳಬಾರದು.

ಗೋಡೆ ಒಡೆಯದೆ ಹೊಸದು ಕೂರುವಂತಿರಲಿಲ್ಲ. ಹಮೀದಾಕ ಅಂಗಡಿಗಳನ್ನೆಲ್ಲ ಸುತ್ತಿ, ಹಳೆಯ ಕಿಂಡಿಗಿಂತ ಚಿಕ್ಕದೊಂದು ಏಸಿ ಹುಡುಕಿದರು. ಉಳಿದ ಜಾಗಕ್ಕೆ ಮರದ ಚೌಕಟ್ಟನ್ನು ವರ್ಕ್‌ಶಾಪಿನಲ್ಲೇ ಅಳತೆಗೆ ಸರಿಯಾಗಿ ಕತ್ತರಿಸಿ ತಂದರು.

ಆ ಬೆಳಿಗ್ಗೆಯನ್ನು ನೆನೆದರೆ ನಡೆದದ್ದೋ ಕನಸೋ ಎಂದು ನನಗೆ ಈಗಲೂ ಅನುಮಾನ. ಚಪ್ಪಲಿ ಹೊರಗೆ ಬಿಟ್ಟು ಕಳ್ಳರ ಹಾಗೆ ಒಳಗೆ ಹೋದೆವು. ಹಮೀದಾಕ ಸುತ್ತಿಗೆಯ ತಲೆಗೆ ಬಟ್ಟೆ ಸುತ್ತಿದ್ದರು. ಮಾತೆಲ್ಲ ಕಣ್ಣಿನಲ್ಲೇ. ಬಚ್ಚಲಿನಿಂದ ನೀರು ಹೊಯ್ಯುವ ಸದ್ದು, ಕಮಲಕ್ಕನ ಯಾವುದೋ ಹಳೆಯ ಹಾಡು, ಎಣ್ಣೆ ಅರಸಿನದ ಪರಿಮಳ ಹಬೆಯೊಡನೆ ತೇಲಿ ಬರುತ್ತಿತ್ತು. ಹಳೆಯ ಏಸಿಯನ್ನು ನಾಲ್ಕು ಕೈಗಳಲ್ಲಿ ಎಳೆದು ಇಳಿಸಿದಾಗ ಗೋಡೆಯಲ್ಲಿ ಒಂದು ಚೌಕದ ಬೆಳಕು ತೆರೆಯಿತು. ಆ ಚೌಕದೊಳಗೆ ಬೋಳು ಬೆಟ್ಟದ ಒಂದು ತುಂಡು, ಅದರ ಮೇಲೆ ಬಿಳಿಯ ಆಕಾಶ. ಬಿಸಿಗಾಳಿ ಒಳಗೆ ಬಂದು ತೊಟ್ಟಿಲಿನ ಬಟ್ಟೆಯನ್ನು ಅಲುಗಿಸಿತು. ನಾನು ನೋಡುತ್ತ ನಿಂತುಬಿಟ್ಟೆ. ಹಮೀದಾಕ ಮೊಣಕೈಯಲ್ಲಿ ತಿವಿದು, "ಯಲ್ಲಾ, ಆಮೇಲೆ ಕನಸು ಕಾಣು," ಎಂದು ಪಿಸುಗುಟ್ಟಿದರು. ಬಚ್ಚಲಿನ ನೀರಿನ ಸದ್ದು ನಿಲ್ಲುವ ಮೊದಲೇ ಹೊಸದು ಕೂತು ಓಡತೊಡಗಿತು.

ಕೆಲಸ ಮುಗಿಯಿತೆಂದು ಮೆಟ್ಟಿಲಿಳಿಯುತ್ತಿದ್ದೆವು. ಮೇಲಿನಿಂದ ಮಗುವಿನ ಅಳು ಕೇಳಿಸಿತು. ನಿಲ್ಲಲೇ ಇಲ್ಲ. ಹಾಲು ಕೊಟ್ಟರೂ ಬೇಡ, ತೂಗಿದರೂ ಬೇಡ. ಕಮಲಕ್ಕ ಬಾಗಿಲಿಗೆ ಬಂದರು, ಮುಖ ಕೆಂಪಾಗಿತ್ತು. "ನೋಡಿ ಎಂತ ಮಾಡಿದ್ರಿ! ಹೊಸದು ಸದ್ದೇ ಮಾಡುದಿಲ್ಲ. ಇವಳು ಬಂದ ದಿನದಿಂದ ಆ ಗಡಗಡ ಕೇಳಿಯೇ ಮಲಗಿದವಳು. ಹಳೇದನ್ನೇ ತಂದು ಇಡಿ!"

ನಾನು ಆಫೀಸಿನ ಹಾಳೆಯ ಆ ಕೆಂಪು ಚೌಕವನ್ನು ನೆನೆಯುತ್ತ ಕಲ್ಲಾಗಿ ನಿಂತೆ. ಹಮೀದಾಕ ಒಳಗೆ ಹೋದರು. ಹೊಸ ಏಸಿಯ ಮುಂದಿನ ಜಾಲರಿಯ ಸ್ಕ್ರೂಗಳಲ್ಲಿ ಒಂದನ್ನು ಸ್ವಲ್ಪ, ಸ್ವಲ್ಪವೇ ಸಡಿಲ ಮಾಡಿದರು. ಜಾಲರಿ ಗಡಗಡ ಎಂದಿತು. ಇನ್ನೂ ಸ್ವಲ್ಪ ತಿರುಗಿಸಿ ಕಿವಿ ಕೊಟ್ಟರು, ವೀಣೆ ಶ್ರುತಿ ಮಾಡುವವರ ಹಾಗೆ. ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಹೊಸ ಮಿಷನಿನ ಸ್ಕ್ರೂ ಸಡಿಲ ಮಾಡಿದ ಮೆಕ್ಯಾನಿಕ್ಕನ್ನು ನಾನು ಆ ಮೊದಲೂ ಕಂಡಿಲ್ಲ, ಆಮೇಲೂ ಇಲ್ಲ. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು.

ಹಳೆಯ ಏಸಿಯನ್ನು ಮಬೇಲಾದ ವರ್ಕ್‌ಶಾಪಿಗೆ ಒಯ್ದೆವು. ಅಂದು ನಮಗೆಲ್ಲ ಖುಷಿ. ಹಮೀದಾಕ ಅದನ್ನು ಬೆಂಚಿನ ಮೇಲಿಟ್ಟು, "ಇವನ ಹಾಡು ಇನ್ನೊಮ್ಮೆ ಕೇಳುವ," ಎಂದು ಪ್ಲಗ್ ಚುಚ್ಚಿದರು. ಅದು ಜೋರಾಗಿಯೇ ಓಡಿತು. ಪಾಟೀಲರು ಬಂದು ನೋಡಿ, "ಚಂದಾಗಿ ಓಡಾಕತ್ತದಲ್ಲರೀ, ಭಾಸ್ಕರ?" ಎಂದು ಹುಬ್ಬೇರಿಸಿ ಹೋದರು. ಅದರ ತಂಪಿನಲ್ಲೇ ನಾವು ಬುತ್ತಿ ಬಿಚ್ಚಿದೆವು. ನಾನು ಸುಮ್ಮನೆ ಅಷ್ಟೆಲ್ಲ ಹಠ ಹಿಡಿದೆನೇನೋ ಎಂದು ಅನ್ನ ಕಲಸುತ್ತ ಯೋಚಿಸುತ್ತಿದ್ದೆ. ಊಟ ಮುಗಿಯುವ ಮೊದಲೇ ಅದು ಒಮ್ಮೆ ಮೈ ಕೊಡವಿ ನಿಂತಿತು. ಹಮೀದಾಕ ಆರಿಸಿ, ಹಾಕಿ, ತಟ್ಟಿ ನೋಡಿದರು. ಕಂಪ್ರೆಸರ್ ಕಚ್ಚಿಕೊಂಡಿತ್ತು. "ಖಲಾಸ್," ಎಂದರು, ಬಹಳ ಮೆಲ್ಲಗೆ.

ಹೊರಗೆ ಬಿಸಿಲು ಕಣ್ಣು ಬಿಡಲಾಗದಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅನ್ನದ ಕೈ ಹಾಗೇ ಒಣಗಿತು. ನಿಜವಾದ ಹೆದರಿಕೆ ಮೊದಲೇ ಆಗುವುದಿಲ್ಲ, ಎಲ್ಲ ಮುಗಿದ ಮೇಲೆ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ಇದನ್ನು ಆ ಮನೆಯಲ್ಲಿ ಹೇಳುವುದು ಬೇಡ ಎಂದು ಹಮೀದಾಕ ಹೇಳಿದರು. ಬಾಣಂತಿಯ ಮನಸ್ಸಿಗೆ ಯಾಕೆ ಆ ಭಾರ?

ಈ ಕೆಲಸದ ವಿಚಾರ ನಿಮಗೆ ಇಷ್ಟೇ ಹೇಳಬೇಕು. ನೀವು ಮೊದಲೇ ಬದಲಿಸಿದ ಪಂಪು, ಹೀಟರು, ಏಸಿಗೆ ಯಾರೂ ಶಾಭಾಸ್ ಅನ್ನುವುದಿಲ್ಲ. ಓಡುತ್ತಿತ್ತಲ್ಲ ಎನ್ನುತ್ತಾರೆ. ನಮಗೂ ಗೊತ್ತಾಗುವುದಿಲ್ಲ, ಸಾಮಾನ್ಯವಾಗಿ. ನನಗೆ ಇಡೀ ಸರ್ವಿಸಿನಲ್ಲಿ ಖಚಿತವಾಗಿ ಗೊತ್ತಾದದ್ದು ಆ ಒಂದು ಸಲ.

ಬೇಸಿಗೆ ಇಳಿದ ಮೇಲೆ ಕಮಲಕ್ಕ ಊರಿಗೆ ಹೊರಟರು. ಸಾಮಾನು ಕಟ್ಟುವಾಗ ಸೂಟ್‌ಕೇಸಿನ ಬೀಗ ಕೆಟ್ಟಿತೆಂದು ಸುಧಾಕರ ನನ್ನನ್ನು ಕರೆದ. ಬೀಗ ಸರಿಮಾಡಿ ಎದ್ದೆ. ಕಮಲಕ್ಕ ಮಗುವನ್ನು ಎತ್ತಿಕೊಂಡು ಬಂದವರು, "ಸ್ವಲ್ಪ ಹಿಡ್ಕೊಳ್ಳಿ, ನಾನು ಗಂಟು ಕಟ್ತೇನೆ," ಎಂದು ನನ್ನ ತೋಳಿಗೆ ಹಾಕಿಬಿಟ್ಟರು. ಮಗು ಗುಂಡಗಾಗಿತ್ತು. ನಾನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಮರದಂತೆ ನಿಂತೆ.

"ಕಂಪ್ರೆಸರ್ ಹೊತ್ತ ಹಾಗೆ ಹಿಡೀಬೇಡಿ ಮಾರಾಯ್ರೆ. ನಿಮಗೆ ಮಕ್ಕಳಿಲ್ವಾ?"

"ಇದ್ದಾರೆ. ಇಬ್ಬರು ಹುಡುಗಿಯರು."

"ಮತ್ತೆ?"

ನನಗೆ ಎರಡು ವರ್ಷಕ್ಕೊಮ್ಮೆ ರಜೆ. ನನ್ನ ಇಬ್ಬರು ಹೆಣ್ಣುಮಕ್ಕಳನ್ನೂ ನಾನು ಮೊದಲು ನೋಡಿದ್ದು ಅವರು ನಡೆಯತೊಡಗಿದ ಮೇಲೆ. ಇಬ್ಬರೂ ನನ್ನನ್ನು ಕಂಡು ಅತ್ತು ತಾಯಿಯ ಹಿಂದೆ ಅಡಗಿದವರು. ಇಷ್ಟು ಚಿಕ್ಕ ಜೀವವನ್ನು ನಾನು ಎತ್ತಿದ್ದೇ ಇಲ್ಲ. ಅದನ್ನು ಹೇಳಿದೆ. ಕಮಲಕ್ಕ ನನ್ನ ಒಂದು ಕೈಯನ್ನು ಹಿಡಿದು ಮಗುವಿನ ಕುತ್ತಿಗೆಯ ಕೆಳಗೆ ಇಟ್ಟರು, ಇನ್ನೊಂದನ್ನು ಬೆನ್ನಿಗೆ.

ಗಂಟು ಕಟ್ಟುತ್ತ ಅವರು ಮಾತು ಬದಲಿಸಿದರು. "ನಿಮ್ಮದು ಒಂದು ಹಠ ಬಿಡಿ. ಆ ಹಳೆ ಮಿಷನ್ ಎಷ್ಟು ಚೆಂದ ಓಡ್ತಿತ್ತು. ಸುಮ್ಮನೆ ತೆಗೆದ್ರಿ."

"ಹೌದು ಕಮಲಕ್ಕ," ಎಂದೆ. "ಸುಮ್ಮನೆ ತೆಗೆದದ್ದು."

ಮಗು ನನ್ನ ಎದೆಗೆ ಕೆನ್ನೆ ಒತ್ತಿಕೊಂಡು ನಿದ್ದೆಹೋಯಿತು. ಕೆಳಗಿನಿಂದ ಹಮೀದಾಕ ಪಿಕಪ್ಪಿನ ಹಾರ್ನ್ ಒತ್ತುತ್ತಿದ್ದರು. ನಾನು ಕದಲಲಿಲ್ಲ.